ಹನಿಗಿಂತ ಮೊದಲು ಎಳೆದ ಗೆರೆ

ದನಗಳ ರೋಗ ಪತ್ತೆ ಮಾಡುವ ಸಣ್ಣ ಪ್ರಯೋಗಾಲಯವೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ದುಂಡಸಿಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತೇನೆ. ಅಲ್ಲಿನ ರಜಿಸ್ಟರ್ ಬೇರೆ, ನನ್ನ ಡೈರಿ ಬೇರೆ. ಯಾವ ವಾರ ಎಷ್ಟು ಮಾದರಿ ಬಂದವು, ಎಷ್ಟು ಕೆಟ್ಟವು ಎಂದು ಡೈರಿಯಲ್ಲಿ ಬರೆದಿಡುತ್ತೇನೆ. ಈ ಬರಹವೂ ಅದರಿಂದಲೇ ತೆಗೆದದ್ದು.

ಸೋಮವಾರ ಚಿಕ್ಕೇರೂರಿನಿಂದ ಒಂದು ಮಾದರಿ ಬಂತು. ಒಂದು ಆಕಳು ಏಳನೇ ತಿಂಗಳಲ್ಲೇ ಸತ್ತ ಕರು ಹಾಕಿತ್ತು, ಎರಡನೇ ಸಲ. ಹೋದ ಸಲ ಮನೆಯ ಹೆಣ್ಣುಮಗಳೇ ಬರಿಗೈಯಿಂದ ಕರು ಎಳೆದಿದ್ದಳು. ಈಗ ಎರಡು ತಿಂಗಳಿಂದ ಅವಳಿಗೆ ಬಿಟ್ಟುಬಿಟ್ಟು ಜ್ವರ, ಮೊಣಕಾಲು ನೋವು. ಹಿರೇಕೆರೂರಿನಲ್ಲಿ ಟೈಫಾಯ್ಡ್ ಎಂದು ಕೊಟ್ಟ ಗುಳಿಗೆ ನಾಟಿರಲಿಲ್ಲ. ಇದು ಆಕಳಿಂದ ಬಂದ ಬ್ರುಸೆಲ್ಲಾ ಎಂಬ ರೋಗಾಣು ಇರಬಹುದೆಂದು ಅನುಮಾನಿಸಿದ ಪಶುವೈದ್ಯರು ಕರುವಿನ ಹಿಂದೆ ಬಿದ್ದ ಮಾಸಿನ ಒಂದು ಚೂರನ್ನು ನಮಗೆ ಕಳಿಸಿದ್ದರು. ಆಕಳಲ್ಲಿ ಅದು ಸಿಕ್ಕರೆ ಅವಳ ಡಾಕ್ಟರು ಆ ದಿಕ್ಕಿನಲ್ಲಿ ನೋಡುತ್ತಾರೆ. ಸಿಗದಿದ್ದರೆ ಅದೇ ಗುಳಿಗೆ ಮುಂದುವರಿಯುತ್ತದೆ.

ಮಂಗಳವಾರ ಹನ್ನೆರಡು ನಳಿಕೆಗಳಿದ್ದವು. ಅವಳ ಆಕಳದ್ದು ಆರನೆಯದು. ಮಾಂಸದ ಚೂರಿನಿಂದ ಡಿಎನ್‌ಎ ಬಿಡಿಸಬೇಕಾದರೆ ಮೊದಲು ಪ್ರೊಟೀನೇಸ್ ಕೆ ಎಂಬ ಕಿಣ್ವ ಹಾಕಬೇಕು. ಅದು ಪ್ರೊಟೀನನ್ನು ತಿಂದು ಮಾಂಸವನ್ನು ಕರಗಿಸುತ್ತದೆ, ಡಿಎನ್‌ಎಯನ್ನು ಹಾಳುಮಾಡುವ ಪ್ರೊಟೀನುಗಳನ್ನೂ ಬಿಡುವುದಿಲ್ಲ. ಒಂದು ನಳಿಕೆಗೆ ಒಂದೇ ಪುಟ್ಟ ಹನಿ. ಹಾಕಿದರೂ ಹಾಕದಿದ್ದರೂ ನೋಡಲು ವ್ಯತ್ಯಾಸ ತಿಳಿಯದು. ಅದಕ್ಕೇ ನಾನು ಪ್ರತಿ ನಳಿಕೆಗೂ ಹಾಳೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ.

ಆರನೇ ಗೆರೆ ಎಳೆದಾಗ ಫೋನು ಬಂತು. ಆ ಹೆಣ್ಣುಮಗಳದೇ. ಪಶುವೈದ್ಯರಿಂದ ನಂಬರು ತೆಗೆದುಕೊಂಡಿದ್ದಳು.

"ತಂಗೀ, ನಮ್ಮ ಆಕಳದ್ದು ಏನಾತು?"

"ಇನ್ನೂ ಮಾಡಾಕತ್ತೇನ್ರಿ. ಗುರುವಾರ ಹೇಳ್ತೇನಿ."

"ಲಗೂ ಮಾಡವ್ವಾ. ರೊಟ್ಟಿ ಬಡ್ಯಾಕ ಕುಂತ್ರ ಏಳಾಕ ಬರವಲ್ದು. ನಮ್ಮನಿಯಾವ್ರು ಸೋಗು ಅಂತಾರ."

ಕೈಗವಸು ಬದಲಿಸಿ ಬಂದೆ. ಹಾಳೆ ನೋಡಿದೆ, ಆರು ಗೆರೆ. ಏಳನೆಯದಕ್ಕೆ ಹೋದೆ.

ಮಧ್ಯಾಹ್ನ ಐವತ್ತಾರು ಡಿಗ್ರಿಯ ಬಿಸಿಯಿಂದ ಹೊರತೆಗೆದಾಗ ಹನ್ನೊಂದು ತಿಳಿಯಾಗಿದ್ದವು. ಆರನೆಯದರ ತಳದಲ್ಲಿ ಚೂರು ಹಾಗೇ ಇತ್ತು. ಮಾಸಿನ ಪೊರೆ ಗಟ್ಟಿ, ಅದಕ್ಕೇ ಉಳಿದಿದೆ ಎಂದುಕೊಂಡೆ. ಹಾಳೆಯಲ್ಲಿ ಹನ್ನೆರಡು ಗೆರೆ ಇದ್ದವಲ್ಲ. ಮೇಲಿನ ನೀರನ್ನಷ್ಟೇ ತೆಗೆದುಕೊಂಡು, ಚೂರನ್ನು ಬ್ಲೀಚಿಗೆ ಹಾಕಿಬಿಟ್ಟೆ.

ಬುಧವಾರ ರೋಗಾಣು ಹುಡುಕುವ ಯಂತ್ರಕ್ಕೆ ಇಟ್ಟಾಗ ಆರನೆಯದರಲ್ಲಿ ಏನೂ ಕಾಣಲಿಲ್ಲ. ವರದಿಯಲ್ಲಿ ಎರಡೇ ಖಾನೆ: ಇದೆ, ಇಲ್ಲ. ನನ್ನ ಪೆನ್ನು 'ಇಲ್ಲ' ಎಂಬುದರ ಮೇಲೆ ನಿಂತಿತ್ತು. ಪ್ರಯೋಗಾಲಯದ ಮುಖ್ಯಸ್ಥರು ಹಿಂದೆ ನಿಂತು ಯಂತ್ರದ ಪರದೆ ನೋಡಿದರು.

"ಇದರಾಗ ಆಕಳ ಸ್ವಂತ ಡಿಎನ್‌ಎನೂ ಕಾಣವಲ್ದಲ್ಲ. ಆಕಳೂ ಇಲ್ಲಂತ ಬರೀತೀಯೇನು?"

ಹನ್ನೆರಡು ಹನಿಗೆಂದು ಅಳೆದು ತೆಗೆದಿಟ್ಟಿದ್ದ ಕಿಣ್ವದ ಪುಟ್ಟ ನಳಿಕೆಯನ್ನು ಹುಡುಕಿದೆ. ಅದರಲ್ಲಿ ಒಂದು ಹನಿ ಉಳಿದಿತ್ತು. ಮೊದಲು ಗೆರೆ, ಆಮೇಲೆ ಹನಿ. ಒಂದೂವರೆ ವರ್ಷದಿಂದ ನಾನು ಹಾಗೆಯೇ ಮಾಡುತ್ತಿದ್ದೆ. ಮುಖ್ಯಸ್ಥರಿಗೆ ತೋರಿಸಿದೆ. ಅವರು ಬೈಯಲಿಲ್ಲ. "ಚೂರು ಇನ್ನೂ ಐತೇನು?" ಎಂದರು. ಇರಲಿಲ್ಲ.

ನಾಚಿಕೆಯಿಂದಲೇ ಅವಳಿಗೆ ಫೋನು ಮಾಡಿದೆ. "ಉಳಿದ ಮಾಸು ಹುಗಿದ್ರ್ಯಾ?"

"ಹುಗಿಯೂದು ಯಾಕ? ಹಾಲು ಇಂಗ್ತಾವ. ಹುಲ್ಲಾಗ ಸುತ್ತಿ ಆಲದ ಗಿಡಕ್ಕ ಕಟ್ಟೇವಿ."

ನಮ್ಮೂರಲ್ಲೂ ಹಾಗೆ ಕಟ್ಟುತ್ತಾರೆ. ರೋಗ ಹರಡುತ್ತದೆ, ಕಟ್ಟಬೇಡಿ ಎಂದು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಅವತ್ತು ಮಾತ್ರ, "ಹಂಗ ಇರ್ಲಿ, ಮುಟ್ಟಬ್ಯಾಡ್ರಿ, ನಾಳೆ ಬರ್ತೇನಿ" ಎಂದೆ.

ಗುರುವಾರ ಮುಖ್ಯಸ್ಥರ ಜೊತೆ ಹೋದೆ. ಅವಳು ಕೋಲೂರಿಕೊಂಡು ಗಿಡದವರೆಗೆ ಬಂದಳು. ನನ್ನ ಎರಡು ಜೊತೆ ಕೈಗವಸು, ಮುಖಗವಸು, ಕನ್ನಡಕ ನೋಡಿ ನಕ್ಕಳು.

"ಏನವ್ವಾ, ಚಂದ್ರಲೋಕಕ್ಕ ಹೊಂಟಾಂಗ ಬಂದೀಯಲ್ಲ!"

ಗಿಡದಿಂದ ಇಳಿಸಿದ ಹುಲ್ಲಿನ ಗಂಟು ಬಿಚ್ಚಿದಾಗ ವಾಸನೆಗೆ ಕಣ್ಣಲ್ಲಿ ನೀರು ಬಂತು. ಒಳಗೆ ಕೊಳೆಯದೆ ಉಳಿದ ಭಾಗದಿಂದ ಮೂರು ಚೂರು ಕತ್ತರಿಸಿಕೊಂಡೆ. ಉಳಿದದ್ದನ್ನು ಸುಣ್ಣ ಹಾಕಿ ಆಳಕ್ಕೆ ಹುಗಿಸಿದೆವು. ಅವಳ ಗಂಡ ಗುಣಿ ತೋಡುತ್ತಲೇ ಗೊಣಗಿದ, "ಇನ್ನ ಹಾಲು ಕರದಂಗ ಆತು."

ಶುಕ್ರವಾರ ಮೊದಲು ಹನಿ ಹಾಕಿದೆ. ಹನಿ ನಳಿಕೆಯೊಳಗೆ ಇಳಿದದ್ದನ್ನು ನೋಡಿ, ಮುಚ್ಚಳ ಹಾಕಿ, ಆಮೇಲೆ ಗೆರೆ ಎಳೆದೆ. ಮೂರು ತಾಸಿಗೆ ಚೂರುಗಳು ಕರಗಿ ನೀರು ತಿಳಿಯಾಯಿತು. ಸಂಜೆಯೊಳಗೆ ಪರದೆಯಲ್ಲಿ ಆಕಳ ಡಿಎನ್‌ಎ ಕಂಡಿತು. ಅದರ ಹಿಂದೆಯೇ ಬ್ರುಸೆಲ್ಲಾ. ಮೂರರಲ್ಲೂ.

ಶನಿವಾರ ವರದಿ ಹಿಡಿದು ಅವಳ ಮನೆಗೆ ನಾನೇ ಹೋದೆ. ಹಾಲು ಕುದಿಸದೆ ಕುಡಿಯಬಾರದು, ಆಕಳನ್ನು ಬೇರೆ ಕಟ್ಟಬೇಕು, ನಿಮ್ಮ ರಕ್ತ ಪರೀಕ್ಷೆ ಆಗಬೇಕು ಎಂದೆ. ಆಮೇಲೆ ಹನಿಯ ಸಂಗತಿ ಹೇಳಿದೆ. ಅವಳು ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದಳು.

"ಅಂದ್ರ ನೀ ಮರತೀದಿ."

"ಹೌದ್ರಿ."

"ಇಲ್ಲಂತ ಬರದು ಕಳಿಸಿದ್ರ?"

"ನಿಮಗ ಅದ ಗುಳಿಗಿ ಕೊಡ್ತಿದ್ರು."

ಅವಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡನಿಗೆ ಕೇಳುವಂತೆ ದನಿ ಏರಿಸಿದಳು.

"ಆ ಬ್ಯಾನಿ ಹೆಸರು ಇನ್ನೊಮ್ಮಿ ಹೇಳವ್ವಾ. ಜೋರಾಗಿ ಹೇಳು."