ಸೆವಾಸ್ತಿಯ ಎಡಹುಬ್ಬು

ಕಾಲಿಮ್ನೋಸ್ ದ್ವೀಪದಲ್ಲಿ ಕಿವಿ ಪರೀಕ್ಷಿಸುವ ಸೆವಾಸ್ತಿಯ ಗಿರಾಕಿಗಳೆಲ್ಲ ಸ್ಪಂಜು ಕೀಳಲು ಕಡಲ ತಳಕ್ಕೆ ಮುಳುಗಿ ಮುಳುಗಿ ಕಿವಿ ಕೆಡಿಸಿಕೊಂಡ ಮುದುಕರು. ಕಿವುಡು ಅಂತ ಒಪ್ಪಿಕೊಂಡರೆ ಮೀಸೆ ಮಣ್ಣಾಯಿತೆಂದು ತಿಳಿದವರು. ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರೆ, ಬಾಗಿಲು ಬಡಿದ ಹಾಗೆ ಒತ್ತುತ್ತಲೇ ಇರುತ್ತಾರೆ. “ಅಜ್ಜಾ, ನಾನಿನ್ನೂ ಶುರುವೇ ಮಾಡಿಲ್ಲ!” ಎಂದು ಅವಳು ಬಂದರಿಗೇ ಕೇಳುವಂತೆ ಕಿರುಚಿದರೆ, “ಹೇಗಿದ್ರೂ ಬರೋದೇ ಅಲ್ವೇನಮ್ಮಾ, ಮುಂಚೇನೇ ಒತ್ತಿಟ್ಟೆ” ಎಂಬ ಉತ್ತರ. “ಕಂಪ್ಯೂಟರ್ ಸುಳ್ಳು ಹೇಳಲ್ಲ, ಹೇಳೋರು ನೀವು” ಎಂಬುದು ದಿನಕ್ಕೆ ಹತ್ತು ಸಲ ಅವಳ ಬಾಯಲ್ಲಿ ಬರುವ ಮಾತು. ಆದರೆ ಗುಟ್ಟು ಬಿಟ್ಟುಕೊಟ್ಟದ್ದು ಅವಳೇ. ಪರದೆಯ ಮೇಲೆ ಒತ್ತಿ ಸದ್ದು ಕಳಿಸಿದಾಗಲೆಲ್ಲ ಅವಳ ಎಡಹುಬ್ಬು ತಾನಾಗಿ ಮೇಲೇರುತ್ತದೆ. ಇದನ್ನು ಒಬ್ಬ ಮುದುಕ ಕಂಡುಹಿಡಿದು ಕಾಫಿ ಅಂಗಡಿಯಲ್ಲಿ ಸಾರಿದ್ದೇ ತಡ, ಒಂದು ತಿಂಗಳು ಇಡೀ ದ್ವೀಪಕ್ಕೆ ಬೆಕ್ಕಿನ ಕಿವಿ ಬಂದುಬಿಟ್ಟಿತು. ವಿಷಯ ತಿಳಿದ ಅವಳು ಸಿಟ್ಟಿನಿಂದ ಗಿರಾಕಿಗಳು ಕೂರುವ ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು; ಅಂದಿನಿಂದ ಪಾದ್ರಿ ಬಂದರೂ ಗೋಡೆಯನ್ನೇ ನೋಡಬೇಕು. ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಮಾತ್ರ ಆ ಕುರ್ಚಿ ಮತ್ತೆ ಅವಳತ್ತ ತಿರುಗುತ್ತದೆ. ಅವತ್ತು ಬರುವವನು ಅವಳಪ್ಪ ಸಾಕೆಲ್ಲಾರಿಸ್, ಐವತ್ತು ವರ್ಷ ಮುಳುಗಿದವನು. ಒಂದೂ ತಪ್ಪಿಲ್ಲದ ಫಲಿತಾಂಶದ ಹಾಳೆಯನ್ನು ಕಾಫಿ ಅಂಗಡಿಯ ಗೋಡೆಗೆ ಅಂಟಿಸಿ, “ನೋಡ್ರೋ ಕಿವುಡರಾ, ನನ್ನ ಮಗಳ ಕಂಪ್ಯೂಟರೇ ಹೇಳಿದೆ!” ಎಂದು ಬೀಗುತ್ತಾನೆ. ಅವನ ಸರದಿಯಲ್ಲಿ ಸೆವಾಸ್ತಿ ಹೆಡ್‌ಫೋನಿಗೆ ಸದ್ದನ್ನೇ ಕಳಿಸುವುದಿಲ್ಲ. ಬರೀ ಹುಬ್ಬು ಎತ್ತುತ್ತಾಳೆ.