ತೊಕ್ಕೊಟ್ಟಿನಿಂದ ನಂತೂರಿನ ಗೇಟಿನವರೆಗೆ

ಬೆಳಿಗ್ಗೆ ಆರೂವರೆಗೆ ಜೆಪ್ಪುವಿನ ಮನೆಯಿಂದ ಹೊರಟಾಗಲೇ ರವಿಕೆ ಬೆನ್ನಿಗೆ ಅಂಟಿತ್ತು. ಮೇ ತಿಂಗಳ ಸೆಕೆ. ನನ್ನ ಪ್ರಯಾಣ ದೂರದ್ದೇನಲ್ಲ. ಮೊದಲು ತೊಕ್ಕೊಟ್ಟಿಗೆ ಹೋಗುವುದು, ಅಲ್ಲಿಂದ ನೇತ್ರಾವತಿಯ ಸೇತುವೆ ದಾಟಿ ಪಂಪ್‌ವೆಲ್, ಅಲ್ಲಿ ಬಸ್ಸು ಬದಲಿಸಿ ನಂತೂರು. ತೊಕ್ಕೊಟ್ಟಿನಿಂದ ಲೆಕ್ಕ ಹಾಕಿದರೆ ಹತ್ತು ಕಿಲೋಮೀಟರೂ ಆಗಲಿಕ್ಕಿಲ್ಲ. ಕಾಶಿಗೆ, ಕಾಶ್ಮೀರಕ್ಕೆ ಹೋದವರು ಪುಟಗಟ್ಟಲೆ ಬರೆಯುತ್ತಾರೆ. ಈ ಹತ್ತು ಕಿಲೋಮೀಟರಿಗೆ ನಾವು ಮೂರು ತಿಂಗಳು ತಯಾರಿ ಮಾಡಿದ್ದೆವು, ಹಾಗಾಗಿ ಬರೆಯುವ ಹಕ್ಕು ನನಗೂ ಇದೆ.

ನಾವು ಎಂದರೆ ನಾನು ಮತ್ತು ಶ್ರಾವ್ಯ. ನಾನು ಇಪ್ಪತ್ತೆರಡು ವರ್ಷದಿಂದ ಸ್ಪೆಷಲ್ ಸ್ಕೂಲಿನಲ್ಲಿ ಟೀಚರ್. ಶ್ರಾವ್ಯ ನನ್ನ ವಿದ್ಯಾರ್ಥಿನಿ. ಅವಳ ಬುದ್ಧಿ ನಿಧಾನ, ಓದು ಬರಹ ಹತ್ತಲಿಲ್ಲ. ಆದರೆ ಒಮ್ಮೆ ಕಲಿತದ್ದನ್ನು ಸತ್ತರೂ ಬಿಡುವವಳಲ್ಲ. ಈಗ ಹದಿನೆಂಟು ತುಂಬಿದೆ, ಅಂದರೆ ಶಾಲೆಯಿಂದ ಹೊರಗೆ. ಹದಿನೆಂಟಾದ ಮೇಲೆ ನಮ್ಮ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ಈ ಊರಿನಲ್ಲಿ ಒಬ್ಬರೂ ಕೇಳಿದ್ದಿಲ್ಲ. ಮನೆಗೆ ಹೋಗುತ್ತಾರೆ, ಟಿವಿಯ ಎದುರು ಕೂರುತ್ತಾರೆ.

ಶ್ರಾವ್ಯಳಿಗೆ ಮಾತ್ರ ಕೆಲಸ ಸಿಕ್ಕಿತ್ತು. ನಂತೂರಿನ ಹತ್ತಿರ ಹೆದ್ದಾರಿ ಬದಿಯ ಒಂದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುವುದು. ಗೋದಾಮಿನ ಮ್ಯಾನೇಜರ್ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು, ವೇದಿಕೆಯ ಮೇಲೆ ಅವಳ ಕೈಗೆ ಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡು, ಮೇ ತಿಂಗಳಿಂದ ಬರಲಿ ಎಂದಿದ್ದ. ಒಂದೇ ಷರತ್ತು: ಬಸ್ಸಿನಲ್ಲಿ ಒಬ್ಬಳೇ ಬಂದು ಹೋಗಬೇಕು, ದಾರಿಯ ಜವಾಬ್ದಾರಿ ತಮ್ಮದಲ್ಲ.

ಸರಿ, ಶುರು ಮಾಡಿದೆವು. ಮೊದಲ ತಿಂಗಳು ನಾನು ಅವಳ ಪಕ್ಕದಲ್ಲಿ ಕೂತೆ. ಎರಡನೆಯ ತಿಂಗಳು ಎರಡು ಸೀಟು ಹಿಂದೆ. ಮೂರನೆಯ ತಿಂಗಳು ಕೊನೆಯ ಸೀಟಿನಲ್ಲಿ, ಗುರುತೇ ಇಲ್ಲದವಳ ಹಾಗೆ. ಬಸ್ಸು, ಟಿಕೆಟು, ಸ್ಟಾಪು ಎಲ್ಲ ಅವಳಿಗೆ ಬಂತು. ತೊಂದರೆ ಕೊಟ್ಟವರು ಒಳ್ಳೆಯ ಜನ. ಒಮ್ಮೆ ಪಂಪ್‌ವೆಲ್‌ನಲ್ಲಿ ನಾನು ರಸ್ತೆಯ ಆಚೆ ಮರೆಯಾಗಿ ನಿಂತಿದ್ದಾಗ ಒಬ್ಬ ಹೆಂಗಸು 'ಪಾಪ, ಹೆಣ್ಣು ಮಗು ದಾರಿ ತಪ್ಪಿದೆ' ಎಂದು ಅವಳ ಕೈ ಹಿಡಿದು ತೊಕ್ಕೊಟ್ಟಿನ ಬಸ್ಸಿಗೆ ಹತ್ತಿಸಿಯೇ ಬಿಟ್ಟಳು. ನಾನು ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ವಾರ ಕಳೆಯುವುದರೊಳಗೆ ಇನ್ನೊಬ್ಬರು ಅದನ್ನೇ ಮಾಡಿದರು. ಈ ಪಾಪ ಎನ್ನುವವರ ಕಾಟ ತಡೆಯಲಾರದೆ ನಾನು ಒಂದು ಪಾಠ ಮಾಡಿದೆ. ಮನೆಗೆ ಹೋಗು ಎಂದು ಯಾರು ಹೇಳಿದರೂ ಹೋಗಬಾರದು. 'ನಾನು ಕೆಲಸಕ್ಕೆ ಬಂದವಳು' ಎನ್ನಬೇಕು. ಗೇಟಿನ ಹತ್ತಿರ ಹೋಗಿ, ತೆರೆಯುವವರೆಗೆ ನಿಲ್ಲಬೇಕು. ದಿನಕ್ಕೆ ಇಪ್ಪತ್ತು ಸಲ ಹೇಳಿಸಿದೆ. ಭಾರೀ ಜಾಣತನ ಮಾಡಿದೆ ಎಂದು ಆಗ ನನಗೆ ಜಂಬ.

ತೊಕ್ಕೊಟ್ಟಿನ ಸ್ಟಾಪಿನಲ್ಲಿ ಅವಳ ತಾಯಿ ಸುಮತಿ ಕಾದಿದ್ದರು. ಮೀನು ಮಾರುವವರು. ಆ ದಿನ ಮೀನು ತರಲು ಬಂದರಿನ ದಕ್ಕೆಗೂ ಹೋಗದೆ ಮಗಳ ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಬುತ್ತಿಗೆ ಹುರಿದ ಬೂತಾಯಿ ಮೀನು ಹಾಕಿ ತಂದಿದ್ದರು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ಈ ಕೆಲಸ ಇಲ್ಲದಿದ್ರೆ ನಾನು ಮಾರ್ಕೆಟಿಗೆ ಹೋಗುವಾಗ ಇವಳನ್ನು ಒಳಗೆ ಕೂರಿಸಿ ಬೀಗ ಹಾಕ್ಬೇಕು ಟೀಚರ್. ಬೇರೆ ಎಂತ ಮಾಡುದು?"

ಏಳೂ ನಲವತ್ತರ ಬಸ್ಸು ಬಂತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ ಎನ್ನುತ್ತಾರೆ, ಆದರೆ ಅದನ್ನು ಕಾಯುತ್ತ ನಿಂತರೆ ಕೆಲಸಕ್ಕೆ ಹೊತ್ತಿಗೆ ಮುಟ್ಟಿದ ಹಾಗೆಯೇ. ನಮ್ಮದು ಖಾಸಗಿ ಬಸ್ಸು, ಪಂಪ್‌ವೆಲ್‌ಗೆ ಹದಿನೈದು ರೂಪಾಯಿ. ಶ್ರಾವ್ಯ ಮುಂದಿನ ಬಾಗಿಲಿನಿಂದ ಹತ್ತಿದಳು, ನಾನು ಹಿಂದಿನಿಂದ. ಕಂಡಕ್ಟರ್ ಹಮೀದನಿಗೆ ನಮ್ಮ ನಾಟಕವೆಲ್ಲ ಗೊತ್ತು. ಅವಳಿಗೆ ಟಿಕೆಟ್ ಕೊಟ್ಟು, ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಸೇತುವೆಯ ಮೇಲೆ ನೇತ್ರಾವತಿಯ ಗಾಳಿ ಸ್ವಲ್ಪ ತಾಗಿತು. ಪಂಪ್‌ವೆಲ್‌ನಲ್ಲಿ ಅವಳು ಇಳಿದಳು, ನಂತೂರಿನ ಬಸ್ಸು ಹತ್ತಿದಳು, ಒಂದೂ ತಪ್ಪಿಲ್ಲ.

ನಂತೂರಿನಲ್ಲಿ ಮಾತ್ರ ನನ್ನ ಜೀವ ಬಾಯಿಗೆ ಬಂತು. ನಾಲ್ಕೂ ಕಡೆಯಿಂದ ಲಾರಿ, ಟ್ಯಾಂಕರು, ಧೂಳು. ನಾನೇ ಅಲ್ಲಿ ದೇವರ ಹೆಸರು ಹೇಳಿ ದಾಟುವವಳು. ಶ್ರಾವ್ಯ ಜನ ಸೇರುವವರೆಗೆ ಕಾದಳು, ಬಲಗೈ ಎತ್ತಿದಳು, ಅವರೊಂದಿಗೆ ದಾಟಿದಳು. ಆಚೆ ಬದಿಗೆ ಮುಟ್ಟಿ ಕೈ ಇಳಿಸಿದಾಗ ನಾನು ಚಾದಂಗಡಿಯ ಎದುರು ನಿಂತು ಅತ್ತೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸಂತೋಷ ನನಗೆ ಆಗಿರಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ಪತ್ರ ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಫೋನ್ ಮಾಡಿ, ಮನೆಗೆ ಹೋಗು ಎಂದು ಕೈ ತೋರಿಸಿದ. ಅವಳು ತನ್ನ ವಾಕ್ಯ ಹೇಳಿ ಅಲ್ಲೇ ನಿಂತಳು. ಅವನು ಪುನಃ ಹೇಳಿದ, ಅವಳೂ ಪುನಃ ಹೇಳಿದಳು. ಹೀಗೆ ಅರ್ಧ ಗಂಟೆ. ಬಿಸಿಲು ಏರಿತು, ಮಲ್ಲಿಗೆ ಬಾಡಿತು. ಕೊನೆಗೆ ನಾನೇ ಹೋದೆ. ನನ್ನನ್ನು ಒಳಗೆ ಬಿಟ್ಟರು, ಅವಳನ್ನು ಬಿಡಲಿಲ್ಲ.

ಆಫೀಸಿನ ಗೋಡೆಯಲ್ಲಿ ಶ್ರಾವ್ಯ ಇದ್ದಳು. ದೊಡ್ಡ ಫ್ರೇಮಿನಲ್ಲಿ, ಪತ್ರ ಹಿಡಿದು ನಗುತ್ತ, ಪಕ್ಕದಲ್ಲಿ ಮ್ಯಾನೇಜರ್. ಅದೇ ಮ್ಯಾನೇಜರ್ ಫ್ರೇಮಿನ ಕೆಳಗೆ ಕೂತು ನನಗೆ ಜ್ಯೂಸ್ ತರಿಸಿದ. ಅವನು ಕೆಟ್ಟವನ ಹಾಗೆ ಮಾತಾಡಲಿಲ್ಲ, ಅದೇ ನನಗೆ ಉರಿದದ್ದು.

"ನೀವು ನಿಜವಾಗಿ ಕಲಿಸ್ತೀರಿ ಅಂತ ನಾವು ಎಣಿಸಿರ್ಲಿಲ್ಲ ಟೀಚರ್," ಎಂದ. "ನಂತೂರು ದಾಟಿ ಒಬ್ಬಳೇ ಬರುದು ಅಂದ್ರೆ ಆಗುವ ಹೋಗುವ ಮಾತಾ? ಹಾಗಾಗಿ ಇಲ್ಲಿ ಅವಳಿಗೆ ಕೆಲಸ ಅಂತ ಎಂತದೂ ಇಟ್ಟಿಲ್ಲ."

ಪತ್ರ ಕೊಟ್ಟಿದ್ದೀರಲ್ಲ ಎಂದೆ. ಅದು ಕಾರ್ಯಕ್ರಮಕ್ಕೆ ಎಂದ. ನಾನು ಬಾಯಿಗೆ ಬಂದಂತೆ ಬೈದೆ. ಎರಡು ವರ್ಷ ಬಿಟ್ಟು ನೋಡುವ ಎಂದು ಅವನು ಬಾಗಿಲವರೆಗೆ ಕಳಿಸಿಕೊಟ್ಟ. ಜ್ಯೂಸ್ ಮುಟ್ಟಲಿಲ್ಲ, ನನ್ನಿಂದ ಆದದ್ದು ಅಷ್ಟೇ.

ಹೊರಗೆ ಬಂದು, "ಬಾ ಶ್ರಾವ್ಯ, ಮನೆಗೆ ಹೋಗುವ," ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ, ನಕ್ಕಳು. "ನಾನು ಕೆಲಸಕ್ಕೆ ಬಂದವಳು," ಎಂದಳು.

ಕೈ ಹಿಡಿದು ಎಳೆದೆ, ಕದಲಲಿಲ್ಲ. ಗೇಟಿನ ಸರಳು ಹಿಡಿದುಕೊಂಡಳು. ವಾಚ್‌ಮನ್ ಮುಖ ಆಚೆ ತಿರುಗಿಸಿದ. ಕೊನೆಗೆ ನನಗೆ ತೋಚಿದ್ದು ಒಂದು ಸುಳ್ಳು. ಇವತ್ತು ಇಲ್ಲಿ ರಜೆ ಎಂದೆ. ಶಾಲೆಯಲ್ಲಿ ಬೆಳೆದ ಹುಡುಗಿ, ರಜೆ ಎಂದರೆ ಅವಳಿಗೆ ಅರ್ಥವಾಗುತ್ತದೆ. ಸರಳು ಬಿಟ್ಟು ನನ್ನ ಜೊತೆ ಹೊರಟಳು.

ವಾಪಸ್ ಬಸ್ಸಿನಲ್ಲಿ ನಾವು ಒಂದೇ ಸೀಟಿನಲ್ಲಿ ಕೂತೆವು. ಬುತ್ತಿ ಬಿಚ್ಚಿ ಅರ್ಧ ಬೂತಾಯಿ ನನಗೆ ಕೊಟ್ಟಳು. ಸೇತುವೆಯ ಮೇಲೆ ನಾಳೆ ಕೆಲಸ ಉಂಟಾ ಎಂದು ಕೇಳಿದಳು. ಉಂಟು ಎಂದೆ. ತೊಕ್ಕೊಟ್ಟಿನಲ್ಲಿ ಸುಮತಿ ಓಡಿ ಬಂದಾಗ, ಆ ಬೀಗದ ಮಾತು ನೆನಪಾಗಿ, ಅವರಿಗೂ ರಜೆಯಂತೆ ಎಂದೇ ಹೇಳಿದೆ. ನಾನಿಲ್ಲದೆ ಅವಳು ಹೊರಡಲಿಕ್ಕಿಲ್ಲ, ಮರುದಿನ ಬಂದು ನಿಧಾನವಾಗಿ ನಿಜ ಹೇಳುವ ಎಂದು ಯೋಚಿಸಿ ಬಸ್ಸು ಹತ್ತಿದೆ. ಹಿಂತಿರುಗಿ ನೋಡಿದಾಗ ಶ್ರಾವ್ಯ ಕೈ ಬೀಸುತ್ತಿದ್ದಳು. ನಾನು ಹೇಡಿ.

ಮರುದಿನ ಎಂಟು ಗಂಟೆಗೆ, ಮನೆಯಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ ಹಮೀದನ ಫೋನ್ ಬಂತು.

"ನೀವು ಬರ್ಲೇ ಇಲ್ಲ ಟೀಚರ್, ಆದ್ರೂ ಒಬ್ಬಳೇ ಬಂದಿದ್ದಾಳೆ ಮಾರಾಯ್ರೆ. ಪಂಪ್‌ವೆಲ್‌ನಲ್ಲಿ ಸರಿಯಾಗಿ ಇಳಿದು ನಂತೂರಿನ ಬಸ್ಸಿಗೆ ಹತ್ತಿದ್ದನ್ನು ನಾನೇ ನೋಡಿದ್ದು. ನೀವು ಗೆದ್ದಿರಿ ಟೀಚರ್."

ಬೀದಿಗೆ ಓಡಿ ರಿಕ್ಷಾ ನಿಲ್ಲಿಸಿ ನಂತೂರು ಎಂದೆ. ಹೆದ್ದಾರಿಯಲ್ಲಿ ಬ್ಲಾಕ್ ಉಂಟು, ಮುಟ್ಟುವಾಗ ತಡವಾಗಬಹುದು ಎಂದ ರಿಕ್ಷಾದವ. ತೊಂದರೆ ಇಲ್ಲ ಎಂದೆ. ಎಷ್ಟು ತಡವಾದರೂ ಅವಳು ಆ ಗೇಟು ಬಿಟ್ಟು ಹೋಗುವವಳಲ್ಲ, ಕಲಿಸಿದವಳು ನಾನೇ.