ಅಳತೆ ಪುಸ್ತಕದ ಕೊನೆಯ ಹಾಳೆಗಳು

ಬೆಳಕು ಹರಿಯುವ ಮೊದಲು ಟೇಪಕ್ಕ ಮುಗಿಸುವ ಕೆಲಸಗಳು: ನೀರು ಹಿಡಿಯುವುದು, ಒಲೆ ಹಚ್ಚುವುದು, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಡುವುದು, ತಮ್ಮನ ಡಬ್ಬಿ ಕಟ್ಟುವುದು, ಅವನು ನಿನ್ನೆ ಬಿಚ್ಚಿ ಎಸೆದ ಕಾಲುಚೀಲದ ಇನ್ನೊಂದನ್ನು ಹುಡುಕುವುದು, ಹೊಸ ಬಟ್ಟೆ ನೆನೆಸಿ ಹಿಂಡಿ ಹರವುವುದು, ಮೆಷಿನ್ನಿಗೆ ಎಣ್ಣೆ ಬಿಡುವುದು, ಆರು ಬಾಬಿನ್ನಿಗೆ ದಾರ ಸುತ್ತಿಡುವುದು. ಇಷ್ಟಾದ ಮೇಲೆ ತಮ್ಮ ಎದ್ದು ಬಂದು, "ಅಕ್ಕಾ, ಇನ್ನೂ ಅಂಗಡಿ ತೆಗೆದಿಲ್ವಾ?" ಎನ್ನುತ್ತಾನೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಅಜ್ಜನ ಕಾಲದ ಟೈಲರ್ ಅಂಗಡಿ, ಈಗ ಅವಳ ಕೈಯಲ್ಲಿದೆ. ಕೊರಳಿನಿಂದ ಅಳತೆಯ ಟೇಪು ಇಳಿದದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಬೀದಿಗೆಲ್ಲ ಅವಳು ಟೇಪಕ್ಕ. ವಯಸ್ಸು ಐವತ್ತೆರಡು. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಬಂದವಳು. ಯಾಕೆಂದು ಕೇಳಿದವರಿಗೆ, "ಫಿಟ್ಟಿಂಗ್ ಸರಿ ಬರ್ಲಿಲ್ಲ" ಎಂದು ಮಾತು ಮುಗಿಸುತ್ತಾಳೆ.

ಅತ್ತೆ ಅಪ್ಪನ ತಂಗಿ. ಎಪ್ಪತ್ತು ತುಂಬಿದೆ. ಒಳಕೋಣೆಯ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಾಳೆ. ಗುಂಡಿ ತೂರುವ ಕಂಡಿಗೆ ಅವಳಷ್ಟು ಒತ್ತಾಗಿ ಅಂಚು ಕಟ್ಟುವವರು ಆ ಬೀದಿಯಲ್ಲಿಲ್ಲ. ಅವಳ ಬಗ್ಗೆ ಮನೆಯಲ್ಲೊಂದು ಮಾತಿದೆ: ಹುಟ್ಟಿ ಒಂಬತ್ತೇ ದಿನಕ್ಕೆ ತಾಯಿಯನ್ನು ತಿಂದುಕೊಂಡವಳು. ಈಗ ಬೇರೆ ಯಾರೂ ಅದನ್ನು ಆಡುವುದಿಲ್ಲ, ಅತ್ತೆಯೇ ಆಡಿಕೊಳ್ಳುತ್ತಾಳೆ. ತಳ ಹಿಡಿದದ್ದು, ಆರಿಹೋದದ್ದು ಎಲ್ಲವನ್ನೂ ತನ್ನ ತಟ್ಟೆಗೇ ಹಾಕಿಕೊಳ್ಳುವಾಗ ಟೇಪಕ್ಕ ಗದರಿದರೆ, "ಹುಟ್ತಾನೇ ದೊಡ್ಡ ಊಟ ಮಾಡಿದೀನಿ ಕಣೇ, ಇನ್ನು ಇದೇ ಸಾಕು" ಎನ್ನುತ್ತಾಳೆ. ನಗಬೇಕೋ ಬೇಡವೋ ತಿಳಿಯದೆ ಟೇಪಕ್ಕ ಎದ್ದು ಪಾತ್ರೆ ತೊಳೆಯುತ್ತಾಳೆ.

ಅಂಗಡಿಗೆ ಎಪ್ಪತ್ತೈದು ವರ್ಷವಾಯಿತೆಂದು ದೊಡ್ಡಪ್ಪ ಮನೆತನದ ಪುಸ್ತಕವೊಂದನ್ನು ಅಚ್ಚು ಹಾಕಿಸಲು ಹೊರಟರು. ಒಬ್ಬೊಬ್ಬರಿಗೆ ಒಂದೊಂದು ಹಾಳೆ: ಜನನ, ಮರಣ, ಮರಣದ ಕಾರಣ, ಸಾಧನೆ.

"ನಮ್ಮ ಹೆತ್ತಮ್ಮಂದೊಂದು ಬಾಕಿ ಇದೆ. ಅಟ್ಟದ ಪೆಟ್ಟಿಗೇಲಿ ಏನಾದ್ರೂ ಇದ್ಯಾ ನೋಡು. ನಂಗೆ ಧೂಳು ಆಗಲ್ಲ."

"ಧೂಳು ನಂಗೂ ಆಗಲ್ಲ, ದೊಡ್ಡಪ್ಪ."

"ನಿಂಗೆ ಅಭ್ಯಾಸ ಇದೆ."

ಅವರು ಬಿಟ್ಟುಹೋದ ಹಾಳೆಯಲ್ಲಿ ಮರಣದ ಕಾರಣ ಎಂಬಲ್ಲಿ ಆಗಲೇ ಪೆನ್ಸಿಲ್ಲಿನಲ್ಲಿ 'ಹೆರಿಗೆ' ಎಂದು ಬರೆದಿತ್ತು. ಸಾಧನೆ ಎಂಬಲ್ಲಿ ಒಂದು ಅಡ್ಡಗೆರೆ.

ಪೆಟ್ಟಿಗೆಯಲ್ಲಿ ಅಜ್ಜನ ಪುಟ್ಟ ಡೈರಿ ಸಿಕ್ಕಿತು. ಬಲಕ್ಕೆ ಬಾಗಿದ ಅಕ್ಷರ. ಒಂದು ತಿಂಗಳ ಹೆಸರು, 'ಆರನೇ ತಾರೀಖು. ಹೆಣ್ಣು ಮಗು.' ಅದರ ಕೆಳಗೆ ಅದೇ ತಿಂಗಳ ಹೆಸರು, 'ಹದಿನೈದನೇ ತಾರೀಖು. ಇವಳು ತೀರಿಕೊಂಡಳು.' ಇಸವಿ ಎಲ್ಲೂ ಇಲ್ಲ. ಅಜ್ಜಿ ಹೋದ ಮೇಲೆ ಅಂಗಡಿ ಈ ಬೀದಿಗೆ ಬಂತು, ಮಕ್ಕಳನ್ನು ಸಾಕಲು ಎರಡನೆಯ ಹೆಂಡತಿ ಬಂದರು. ಮೊದಲನೆಯವಳ ಬಗ್ಗೆ ಬಾಯಿ ಬಿಡದ ಗಂಡನ ಡೈರಿಯಲ್ಲಿ ಅವರು ಓದಿಕೊಂಡದ್ದು ಈ ಎರಡು ಸಾಲನ್ನೇ. ಆರರಿಂದ ಹದಿನೈದಕ್ಕೆ ಒಂಬತ್ತು ದಿನ; ಮನೆಯ ಆ ಮಾತು ಹುಟ್ಟಿದ್ದು ಅಲ್ಲಿಂದ. ಲೆಕ್ಕ ಸರಿಯಾಗಿಯೇ ಇತ್ತು.

ಡೈರಿಯ ಕೆಳಗೆ ಆರು ಅಳತೆ ಪುಸ್ತಕಗಳಿದ್ದವು. ಅವುಗಳಲ್ಲಿ ಅಜ್ಜನ ಬಾಗಿದ ಅಕ್ಷರ ಒಂದೂ ಇಲ್ಲ. ರಟ್ಟಿನ ಮೇಲೆ ಅಜ್ಜಿಯ ಹೆಸರು, ಒಳಗೆ ಎಲ್ಲ ದುಂಡಗಿನ ಅಕ್ಷರ, ಪ್ರತಿ ಅಳತೆಗೂ ತಾರೀಖು, ಇಸವಿ. 'ಮೇಷ್ಟ್ರ ಹೆಂಡತಿ. ಎಡ ಭುಜ ಅರ್ಧ ಇಂಚು ತಗ್ಗು. ಹೇಳಬಾರದು, ಒಳಗೆ ಹತ್ತಿ ಇಡಬೇಕು.' 'ಪೋಸ್ಟ್‌ಮ್ಯಾನ್. ಹೊಟ್ಟೆ ಒಳಗೆಳೆದು ನಿಲ್ಲುತ್ತಾನೆ. ಎರಡು ಇಂಚು ಸೇರಿಸು.' ಏಣಿಯ ಮೇಲೇ ಕೂತು ಟೇಪಕ್ಕ ಒಬ್ಬಳೇ ನಕ್ಕಳು. ಅಜ್ಜ ಕತ್ತರಿಸಿದರೆ ಬಟ್ಟೆ ಮೈಮೇಲೆ ಕೂತುಬಿಡುತ್ತಿತ್ತು ಎಂದು ಮನೆಯವರೆಲ್ಲ ಹೊಗಳುತ್ತ ಬಂದಿದ್ದರು. ಕೂರಿಸಿದವಳು ಈ ಅಜ್ಜಿ.

ಅತ್ತೆ ಹುಟ್ಟಿದ ಇಸವಿ ಶಾಲೆಯ ಸರ್ಟಿಫಿಕೇಟಿನಲ್ಲಿತ್ತು. ದುಂಡಗಿನ ಅಕ್ಷರ ಆ ತಿಂಗಳಿಗೇ ನಿಲ್ಲಬೇಕಿತ್ತು. ನಿಂತಿರಲಿಲ್ಲ. ಹೆರಿಗೆಗೆಂದು ಇಪ್ಪತ್ತು ದಿನ ಖಾಲಿ ಬಿಟ್ಟು ಮತ್ತೆ ಶುರುವಾಗಿ ಮುಂದಿನ ವರ್ಷ ಅದೇ ತಿಂಗಳವರೆಗೆ ಹೋಗಿತ್ತು. ಡೈರಿಯ ಆ ಎರಡು ಸಾಲುಗಳ ನಡುವೆ ಒಂದಿಡೀ ವರ್ಷವಿತ್ತು. ಕೊನೆಯ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಎಡಕ್ಕೆ 'ಚಿಕ್ಕದು' ಎಂಬ ತಲೆಬರಹ: ಫ್ರಾಕಿನ ಉದ್ದ ಹನ್ನೆರಡು, ಹದಿಮೂರೂವರೆ, ಹದಿನೈದು, ಹದಿನೇಳು. 'ನಿಲ್ಲುತ್ತಾಳೆ. ಟೇಪು ಕಚ್ಚುತ್ತಾಳೆ.' ಬಲಕ್ಕೆ 'ನನ್ನದು': ಸೊಂಟ ಮೂವತ್ತು, ಇಪ್ಪತ್ತೇಳು, ಇಪ್ಪತ್ತನಾಲ್ಕು, ಇಪ್ಪತ್ತೆರಡೂವರೆ. ಪಕ್ಕದಲ್ಲಿ, 'ಎರಡೂ ಕಡೆ ಒಳಗೆ ಹಿಡಿ. ಬಟ್ಟೆ ಕತ್ತರಿಸಬೇಡ, ಮತ್ತೆ ಬೇಕಾದೀತು.'

ಏನು ಕಾಯಿಲೆಯೆಂದು ಪುಸ್ತಕ ಹೇಳುವುದಿಲ್ಲ. ವರ್ಷದಲ್ಲಿ ಏಳೂವರೆ ಇಂಚು ಇಳಿದ ಹೆಂಗಸು ಬೇಯಿಸಿದ್ದನ್ನು ಮನೆ ಉಂಡಿತ್ತು, ಅವಳು ಹೊಲಿದದ್ದನ್ನು ಬೀದಿ ಉಟ್ಟಿತ್ತು. ಅಳೆದು ನೋಡಿದವಳು ಅವಳೊಬ್ಬಳೇ.

ಮರುದಿನ ಮಧ್ಯಾಹ್ನ ದೊಡ್ಡಪ್ಪ ಬಂದಾಗ ಟೇಪಕ್ಕ ಪುಸ್ತಕ ಬಿಚ್ಚಿ ತೋರಿಸಿದಳು. ಅವರು ತಾರೀಖುಗಳನ್ನು ಎರಡು ಸಲ ನೋಡಿದರು.

"ಹಾಗಾದ್ರೆ ಏನಂತ ಹಾಕೋದು? ವರ್ಷವಿಡೀ ಸೊರಗ್ತಾ ಇದ್ಲು, ಮನೇಲಿ ಯಾರೂ ನೋಡ್ಲಿಲ್ಲ ಅಂತಾನಾ? ಅಪ್ಪನ ಮಾನ ನಾನೇ ಪ್ರಿಂಟ್ ಹಾಕಿಸ್ಲಾ?"

"ಅತ್ತೆ ಮಾನ ಎಪ್ಪತ್ತು ವರ್ಷದಿಂದ ಬಾಯಲ್ಲೇ ಪ್ರಿಂಟ್ ಆಗ್ತಿದೆಯಲ್ಲ ದೊಡ್ಡಪ್ಪ."

ಅವರು ಹಾಳೆ ತಿರುವಿದರು. 'ದೊಡ್ಡವನು. ಚಡ್ಡಿ ಹರಿದಿದೆ. ತೇಪೆ ಒಳಗಿನಿಂದ ಹಾಕು, ಅವನಿಗೆ ನಾಚಿಕೆ.' ದೊಡ್ಡಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ತುಂಬ ಹೊತ್ತು ಒರೆಸಿದರು. ಆಗ ಅವರಿಗೆ ನಾಲ್ಕು ವರ್ಷ.

"ನಂಗೆ ಅಮ್ಮನ ಮುಖಾನೇ ನೆನಪಿಲ್ಲ," ಎಂದರು. ಆಮೇಲೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ತೋರಿಸ್ಬೇಡ. ಹಾಲು ಕುಡ್ದು ಕುಡ್ದು ನಾನೇ ಸೊರಗಿಸ್ದೆ ಅಂದ್ಕೊಳ್ತಾಳೆ. ಒಂಬತ್ತು ದಿನದ್ದು ಹೋಗಿ ಒಂದು ವರ್ಷದ್ದು ತಲೆ ಮೇಲೆ ಬರುತ್ತೆ. ಅವಳ ಬುದ್ಧಿ ನಿಂಗೊತ್ತಲ್ಲ."

ಟೇಪಕ್ಕ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಅವರು ಹೇಳಿದ್ದು ನಿಜವೇ ಆಗಬಹುದಿತ್ತು.

"ನೀನೇ ಯೋಚ್ನೆ ಮಾಡು. ಸಂಜೆ ಪ್ರೆಸ್ಸಿಗೆ ಕೊಡ್ಬೇಕು," ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿದರು.

ಒಳಗಿನಿಂದ ಅತ್ತೆ ಕೂಗಿದಳು. "ಏನೇ, ನಿಮ್ಮ ದೊಡ್ಡಪ್ಪ ನನ್ನ ಹಾಳೇಲಿ ಸಾಧನೆ ಏನು ಬರೆದ? ಕಾಜಾ ಅಂತ ಬರೀಬೇಕಂತೆ ಅನ್ನು."

"ಬರೀತೀವಿ ಇರು, ಅತ್ತೆ."

ಟೇಪಕ್ಕ ಸೂಜಿಗೆ ದಾರ ಪೋಣಿಸಿದಳು. 'ನನ್ನದು' ಇರುವ ಹಾಳೆಗಳನ್ನಷ್ಟೇ ಒಳಕ್ಕೆ ಮಡಚಿ ನಾಲ್ಕು ಹೊಲಿಗೆಯಲ್ಲಿ ಮುಚ್ಚಿಬಿಟ್ಟರೆ ಅತ್ತೆಗೆ ಫ್ರಾಕುಗಳು ಸಿಗುತ್ತವೆ, ಟೇಪು ಕಚ್ಚಿದ್ದು ಸಿಗುತ್ತದೆ. ಅಷ್ಟೇ ಸಾಕಲ್ಲವೇ? ಅವಳು ಹಾಳೆಯ ಅಂಚು ಜೋಡಿಸಿ ಸೂಜಿ ಚುಚ್ಚಿದಳು. ಮಡಿಕೆಯ ಒಳಗಿಂದ ಆ ಸಾಲು ಇಣುಕಿತು: ಬಟ್ಟೆ ಕತ್ತರಿಸಬೇಡ, ಮತ್ತೆ ಬೇಕಾದೀತು. ಅತ್ತೆಗೆ ಇಷ್ಟು ಕೊಟ್ಟರೆ ಸಾಕು ಎಂದು ಇಷ್ಟು ದಿನವೂ ಬೇರೆಯವರೇ ತೀರ್ಮಾನಿಸಿದ್ದರು.

ಸೂಜಿಯನ್ನು ಹಿಂದಕ್ಕೆಳೆದಳು. ದೊಡ್ಡಪ್ಪನ ಹಾಳೆಯಲ್ಲಿ ಪೆನ್ಸಿಲ್ಲಿನ 'ಹೆರಿಗೆ'ಯನ್ನು ಅಳಿಸಿ ಇಂಕಿನಲ್ಲಿ ಬರೆದಳು: 'ಹೆರಿಗೆಯಲ್ಲ. ಒಂದು ವರ್ಷ ಸೊರಗಿ, ಕೊನೆಯವರೆಗೂ ಕೆಲಸ ಮಾಡುತ್ತ.' ಸಾಧನೆಯ ಅಡ್ಡಗೆರೆಯ ಮೇಲೆ: 'ಅಂಗಡಿಯ ಅಳತೆಗಳೆಲ್ಲ ಇವರವು.'

ಆಮೇಲೆ ಬೀದಿಯ ಬಾಗಿಲನ್ನು ಅರ್ಧ ಎಳೆದು, ಪುಸ್ತಕದ ಎರಡೂ ಹಾಳೆಗಳು ಕಾಣುವಂತೆ ಬಿಚ್ಚಿ ಹಿಡಿದು, ಅತ್ತೆಯ ಕನ್ನಡಕವನ್ನು ಮೆಷಿನ್ನಿನ ಮೇಲಿಂದ ಎತ್ತಿಕೊಂಡು ಒಳಕೋಣೆಗೆ ನಡೆದಳು.